ಯಂತ್ರದ ಬಾಯಲ್ಲಿ ನನ್ನ ಹೆಸರು

ಮನುಷ್ಯನಿಗೆ ಹೆಸರು ಇಡುವುದು ಅವನ ಉಪಯೋಗಕ್ಕಲ್ಲ, ಮಂದಿಯ ಉಪಯೋಗಕ್ಕೆ. ಬೇಕಾದರೆ ನೀವೇ ನೋಡಿಕೊಳ್ಳಿ, ನಿಮ್ಮ ಹೆಸರನ್ನು ನೀವು ದಿನಕ್ಕೆ ಎಷ್ಟು ಸಲ ಬಾಯಿಬಿಟ್ಟು ಅನ್ನುತ್ತೀರಿ? ನಾನಂತೂ ಸಹಿ ಮಾಡುವಾಗಲೂ ಪೂರ್ತಿ ಬರೆಯುವವನಲ್ಲ. ಒಂದು ಗೀಚು ಗೀಚಿ ಕೆಳಗೆ ಎರಡು ಚುಕ್ಕಿ ಇಟ್ಟರೆ ಮುಗಿಯಿತು. ಹೆಸರು ಬದುಕುವುದು ಬೇರೆಯವರ ಬಾಯಲ್ಲಿ. ನನ್ನ ಹೆಸರು ಈರಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಈ ಪ್ರಬಂಧದಲ್ಲಿ ಬೇರೆ ಯಾರಾದರೂ ಅದನ್ನು ಸಲೀಸಾಗಿ ಹೇಳಿಯಾರು ಎಂಬ ಭರವಸೆ ನನಗಿಲ್ಲ.

ಕಂಪ್ಯೂಟರು ಇನ್ನೂ ಹೊಸದಾಗಿದ್ದ ಕಾಲ ಅದು, ಆಗ ನಾನು ಬೈಲಹೊಂಗಲದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಹುಡುಗರಿಗೆ ನಾನು ‘ಮ್ಯಾಥ್ಸ್ ಸರ’. ಓಣಿಯವರಿಗೆ ‘ಮಾಸ್ತರ್ರ’. ಕಿತ್ತೂರಿನ ಬೀಗರಿಗೆ ‘ಅಳಿಯಂದ್ರ’. ಮಗಳು ಸುಮಾಗೆ ‘ಅಪ್ಪಾಜಿ’. ಹೆಸರು ಹಿಡಿದು ಕರೆಯುತ್ತಿದ್ದವಳು ನಮ್ಮವ್ವ ಒಬ್ಬಳೇ. ಹಿತ್ತಲಲ್ಲಿ ನಿಂತು ‘ಈರಣ್ಣಾ’ ಅಂದರೆ ಆ ‘ಣ್ಣಾ’ ಮನೆಯೊಳಗೆ ಹಾಯ್ದು, ಪಡಸಾಲೆ ದಾಟಿ, ಓಣಿಯ ತುದಿಯ ಹಿಟ್ಟಿನ ಗಿರಣಿಯ ಸಪ್ಪಳವನ್ನೂ ಮೀರಿ ನನ್ನನ್ನು ಬಂದು ಹಿಡಿಯುತ್ತಿತ್ತು. ಅವ್ವ ಹೋದಳು. ಹೋದಾಗ ಅತ್ತದ್ದೆಲ್ಲ ಅವಳಿಗಾಗಿ. ಹೆಸರೂ ಅವಳ ಜೊತೆಗೇ ಹೋಯಿತು ಅನ್ನುವುದು ತಿಳಿದಿರಲಿಲ್ಲ. ತಿಳಿದದ್ದು ಸವದತ್ತಿಯ ಬಸ್ಸಿನಲ್ಲಿ. ಹಿಂದಿನ ಸೀಟಿನಿಂದ ಹೆಂಗಸೊಬ್ಬಳು ‘ಈರಣ್ಣಾ’ ಅಂದಳು. ನಾನು ಗಟ್ಟಿಯಾಗಿ ‘ಓ’ ಅಂದೆ. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ಆಕೆ ಕರೆದದ್ದು ಕಿಟಕಿಯಿಂದ ಕೈ ಹೊರಗೆ ಹಾಕಿದ್ದ ತನ್ನ ಮಗನನ್ನು. ಕಂಡಕ್ಟರು ನಕ್ಕ, ನಾನೂ ನಕ್ಕೆ. ಆದರೆ ಇಳಿದು ನಡೆಯುವಾಗ ಆ ದನಿ ಇನ್ನೊಮ್ಮೆ ಬರುತ್ತದೇನೋ ಅಂತ ಹಿಂದೆ ತಿರುಗಿ ನೋಡಿದೆ.

ಇನ್ನು ಉಳಿದವಳು ನನ್ನ ಹೆಂಡತಿ ಗಿರಿಜಾ, ಕಿತ್ತೂರಿನವಳು. ಗಂಡನ ಹೆಸರು ಹೇಳಬಾರದು ಅನ್ನುವ ಪದ್ಧತಿ ನಮ್ಮ ಕಡೆ ಹೊಸದೇನಲ್ಲ. ಆದರೆ ಬೇರೆಯವರು ಪಾಲಿಸುವುದಕ್ಕೂ ಗಿರಿಜಾ ಪಾಲಿಸುವುದಕ್ಕೂ ಅಜಗಜಾಂತರ. ನಮ್ಮ ಓಣಿಯ ಮೂಲೆಯಲ್ಲಿ ಈರಣ್ಣದೇವರ ಗುಡಿ ಇದೆ. ಅವಳಿಗೆ ಅದು ‘ಮೂಲಿ ಗುಡಿ’. ಗಜ್ಜರಿ ಮಾರಲು ಬರುವವನ ಹೆಸರೂ ದುರ್ದೈವಕ್ಕೆ ಈರಣ್ಣ, ಅವನು ‘ಗಜ್ಜರಿಯಾವ’. ಬದನೆಕಾಯಿ ತಂದ ದಿನವೂ ಅವನು ಗಜ್ಜರಿಯಾವನೇ. ಗ್ಯಾಸಿನ ಅಂಗಡಿಯಲ್ಲಿ ‘ಸಿಲಿಂಡರ ಯಾರ ಹೆಸರಿನ್ಯಾಗ ಐತ್ರಿ?’ ಅಂತ ಕೇಳಿದರೆ ‘ನಮ್ಮ ಮನಿಯವರ ಹೆಸರಿನ್ಯಾಗ’ ಅನ್ನುತ್ತಾಳೆ. ‘ಅವರ ಹೆಸರ ಏನ್ರಿ?’ ಅಂದರೆ, ‘ಕಾಲೇಜಿನ್ಯಾಗ ಗಣಿತ ಹೇಳತಾರ ನೋಡ್ರಿ, ಎತ್ತರಕ್ಕ, ಕಣ್ಣಿಗೆ ಚಾಳೀಸ ಹಾಕ್ಕೊಂಡು.’ ಅವನು ‘ಈರಣ್ಣ ಸರ ಏನ್ರಿ?’ ಅಂದ ಮೇಲೆ ‘ಹೂಂ, ಅವರ’ ಅಂತ ಒಪ್ಪಿಕೊಳ್ಳುತ್ತಾಳೆ. ಅಂದರೆ ಗ್ಯಾಸಿನವನ ಬಾಯಲ್ಲಿ ನನ್ನ ಹೆಸರು ಬರುತ್ತದೆ, ಹೆಂಡತಿಯ ಬಾಯಲ್ಲಿ ಇಲ್ಲ.

ಒಮ್ಮೆ ಮುಖಾಮುಖಿ ಕೇಳಿಯೇ ಬಿಟ್ಟೆ. ‘ಹೆಸರ ಹಿಡದ ಕರದ್ರ ಏನಾಕ್ಕತಿ?’

‘ಆಯುಷ್ಯ ಕಡಿಮಿ ಆಕ್ಕತಂತ್ರಿ.’

‘ಒಂದ ಸಲಕ್ಕ ಎಷ್ಟ ಕಡಿಮಿ ಆಕ್ಕತಿ ಹೇಳು, ಲೆಕ್ಕಾ ಹಾಕಿ ನೋಡೂಣು. ಸೋವಿ ಇದ್ರ ಒಂದೆರಡ ಸಲ ಕರಸ್ಕೋತೇನಿ.’

‘ನಿಮ್ಮ ಲೆಕ್ಕಾ ಕಾಲೇಜಿನ್ಯಾಗ ಹಾಕ್ರಿ, ನನ್ನ ಕುಂಕುಮದ ಮ್ಯಾಲ ಹಾಕಬ್ಯಾಡ್ರಿ’ ಅಂತ ರೊಟ್ಟಿ ಬಡಿಯುವ ಸಪ್ಪಳ ಜೋರು ಮಾಡಿದಳು. ಆ ಸಪ್ಪಳಕ್ಕೆ ಎದುರು ವಾದ ಹೂಡಿದ ಗಂಡಸರು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ನೀವು ಕೇಳಬಹುದು, ಮದುವೆಯಲ್ಲಿ ಒಡಪು ಹೇಳಿರಬೇಕಲ್ಲ ಎಂದು. ಹೇಳಿದ್ದಾಳೆ, ಅದೇ ನನ್ನ ಹೊಟ್ಟೆಯುರಿ. ನಮ್ಮ ಕಡೆ ಮದುಮಕ್ಕಳು ಹೊಸ್ತಿಲು ದಾಟುವ ಮುಂದೆ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕಟ್ಟಿ, ಅದರೊಳಗೆ ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಸೇರಿಸಿ ಹೇಳಿದ ಮೇಲೆಯೇ ಒಳಗೆ ಬಿಡುವುದು. ಬಾಯಿಗೆ ಬೀಗ ಹಾಕಿದ ಪದ್ಧತಿಯೇ ಆ ದಿನದ ಮಟ್ಟಿಗೆ ಬೀಗ ತೆಗೆದುಕೊಡುತ್ತದೆ. ನಾನು ವಾರದ ಹಿಂದಿನಿಂದ ತಯಾರಿ ಮಾಡಿಕೊಂಡಿದ್ದೆ: ‘ವೃತ್ತಕ್ಕ ಒಂದ ಕೇಂದ್ರ, ಆಕಾಶಕ್ಕ ಒಬ್ಬ ಚಂದ್ರ, ಗಿರಿಜಾ ಬಂದ ಮ್ಯಾಲ ನನ್ನ ಬಾಳೇ ಸುಂದರ.’ ನಮ್ಮ ಅಕ್ಕತಂಗಿಯರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಆಮೇಲೆ ಗಿರಿಜಾಳ ಸರದಿ. ತಲೆ ತಗ್ಗಿಸಿ ಅವಳು ಸುರು ಮಾಡಿದಳು, ಅದೇ ಹೊತ್ತಿಗೆ ಚಹಾ ಮುಗಿಸಿ ಬಂದ ಬ್ಯಾಂಡಿನವರು ಒಮ್ಮೆಗೇ ಬಾರಿಸಲು ಹತ್ತಿದರು. ಅವಳ ತುಟಿ ಅಲ್ಲಾಡಿದ್ದು ಕಂಡಿತು. ಅವಳ ಮುಂದಿದ್ದ ಹೆಣ್ಣುಮಕ್ಕಳೆಲ್ಲ ‘ಏ, ಭಾರಿ ಛಂದ ಹೇಳಿದಿ ಬಿಡು’ ಅಂದದ್ದೂ ಕಂಡಿತು. ಕಹಳೆಯ ಬಾಯಿ ನನ್ನ ಕಿವಿಯ ಹತ್ತಿರವೇ ಇತ್ತು. ಹೀಗೆ ಗಿರಿಜಾ ನನ್ನ ಹೆಸರು ಹೇಳಿದ್ದನ್ನು ನಮ್ಮ ಬಳಗವೆಲ್ಲ ಕೇಳಿದೆ, ನಾನೊಬ್ಬ ಕೇಳಿಲ್ಲ.

ಇಷ್ಟಾದ ಮೇಲೆ ನನ್ನ ಪಿಎಚ್‌ಡಿಯ ವಿಷಯ ಹೇಳಿದರೆ ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ. ಗಣಿತದಲ್ಲಿ ಪಿಎಚ್‌ಡಿ ಮಾಡುವವರು ಸಾಮಾನ್ಯವಾಗಿ ಯಾರಿಗೂ ಕೇಡು ಬಗೆಯದ, ಯಾರಿಗೂ ತಿಳಿಯದ ಒಂದು ವಿಷಯ ಹಿಡಿಯುತ್ತಾರೆ. ನಾನು ಹಿಡಿದದ್ದು ಮನುಷ್ಯನ ಗಂಟಲು. ಕಂಪ್ಯೂಟರಿನ ಬಾಯಲ್ಲಿ ಮಾತು ಬರಿಸಬೇಕಾದರೆ ಮೊದಲು ಮನುಷ್ಯನ ಬಾಯಿಯನ್ನು ಸಮೀಕರಣಕ್ಕೆ ಇಳಿಸಬೇಕು. ಗಂಟಲ ಬುಡದಲ್ಲಿ ಧ್ವನಿತಂತುಗಳು ಬರೀ ಗುಂಯ್ ಅನ್ನುತ್ತವೆ. ಆ ಗುಂಯ್‌ಗೆ ‘ಆ’ ಗೊತ್ತಿಲ್ಲ, ‘ಈ’ ಗೊತ್ತಿಲ್ಲ. ಅದು ಗಂಟಲಿನಿಂದ ತುಟಿಯವರೆಗೆ, ಒಂದು ಗೇಣಿಗಿಂತ ತುಸು ಗಿಡ್ಡಾದ ಕೊಳವೆಯಲ್ಲಿ ಹಾಯ್ದು ಬರುತ್ತದೆ. ನಾಲಿಗೆ ಎಲ್ಲಿ ಏಳುತ್ತದೆ, ದವಡೆ ಎಷ್ಟು ತೆರೆಯುತ್ತದೆ, ತುಟಿ ಎಷ್ಟು ದುಂಡಗಾಗುತ್ತದೆ ಅನ್ನುವುದರ ಮೇಲೆ ಕೊಳವೆಯ ಆಕಾರ ಬದಲಾಗಿ ಅದೇ ಗುಂಯ್ ಒಮ್ಮೆ ‘ಆ’ ಆಗುತ್ತದೆ, ಒಮ್ಮೆ ‘ಓ’ ಆಗುತ್ತದೆ. ನಾವು ಗಣಿತದವರು ನಾಲಿಗೆ, ದವಡೆ, ತುಟಿ ಎಲ್ಲವನ್ನೂ ಬಿಟ್ಟು, ಒಂದಕ್ಕೊಂದು ಹಚ್ಚಿದ ಸಣ್ಣ ದೊಡ್ಡ ಕೊಳವೆ ತುಂಡುಗಳು ಅಂತ ಹಿಡಿಯುತ್ತೇವೆ. ತುಂಡಿನಿಂದ ತುಂಡಿಗೆ ಹೋಗುವಾಗ ಪ್ರತಿ ಸಂದಿಯಲ್ಲೂ ಸಪ್ಪಳದ ಒಂದು ಪಾಲು ಮುಂದೆ ಹೋಗುತ್ತದೆ, ಒಂದು ಪಾಲು ಹಿಂದಕ್ಕೆ ಬರುತ್ತದೆ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸಿನ ಬಾಗಿಲಿಗೆ ನುಗ್ಗಿದ ಮಂದಿಯಲ್ಲಿ ಅರ್ಧ ಒಳಗೆ ಹೋಗಿ ಅರ್ಧ ಹಿಂದೆ ಬಂದು ಬೀಳುತ್ತಾರಲ್ಲ, ಹಾಗೆ. ಈ ಹೋಗುವ ಬರುವ ಲೆಕ್ಕವೇ ನನ್ನ ಸಂಶೋಧನೆ.

ಧಾರವಾಡದ ನನ್ನ ಗೈಡ್ ಸರ್ ಬಹಳ ಸಜ್ಜನರು. ತಮ್ಮ ವಿದ್ಯಾರ್ಥಿಗಳನ್ನು ಊರ ಹೆಸರಿನಿಂದ ಕರೆಯುವ ರೂಢಿ ಅವರದು, ಹಾಗಾಗಿ ಅಲ್ಲಿ ನಾನು ‘ಬೈಲಹೊಂಗಲ’. ‘ಏನ್ರಿ ಬೈಲಹೊಂಗಲ, ಯಾರ ಧ್ವನಿ ತಗೋತೀರಿ?’ ಅಂದರು. ಯಾರದಾದರೂ ಒಬ್ಬರ ಸ್ವರಗಳನ್ನು ಮುದ್ರಿಸಿಕೊಂಡು, ಅದರಿಂದ ಅವರ ಗಂಟಲಿನ ಆಕಾರ ಲೆಕ್ಕ ಮಾಡಿ, ಆ ಆಕಾರದಿಂದ ಯಂತ್ರವನ್ನು ಮಾತಾಡಿಸುವುದು ನಮ್ಮ ಯೋಜನೆ. ನಾನು ‘ನಮ್ಮ ಮನಿಯಾಕೀದು’ ಅಂದೆ. ‘ಗಂಡಸರ ಧ್ವನಿ ತಗೋರಿ, ಲೆಕ್ಕಾ ಸಲೀಸ ಬರತೈತಿ. ಹೆಣ್ಣಿನ ಧ್ವನಿ ಸಣ್ಣದು, ತ್ರಾಸ ಕೊಡತೈತಿ’ ಅಂದರು. ತ್ರಾಸದ ವಿಷಯ ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಹಟ ಬಿಡಲಿಲ್ಲ. ಯಾಕೆ ಅಂತ ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಗಿರಿಜಾಳ ಗಂಟಲನ್ನು ಯಂತ್ರದೊಳಗೆ ಇಳಿಸಿದರೆ, ಅವಳು ಹೇಳದ ಹೆಸರನ್ನು ಅವಳ ಧ್ವನಿಯಲ್ಲೇ ಯಂತ್ರದಿಂದ ಹೇಳಿಸಬಹುದು. ಅವಳ ಪದ್ಧತಿಯೂ ಮುರಿಯುವುದಿಲ್ಲ, ನನ್ನ ಆಯುಷ್ಯವೂ ಕಡಿಮೆಯಾಗುವುದಿಲ್ಲ, ಜೊತೆಗೆ ಒಂದು ಡಾಕ್ಟರೇಟು.

ಹುಬ್ಬಳ್ಳಿಯಿಂದ ಕಂಪ್ಯೂಟರು ಬಂತು. ಗಿರಿಜಾ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಮುಚ್ಚಿಗೆ ಹೊಲಿದಳು. ಮೈಕಿನ ಮುಂದೆ ಕೂಡಿಸಿ ‘ಆ ಅನ್ನು’ ಅಂದೆ. ಅವಳು ‘ಆ’ ಅಂದಳು. ‘ಉದ್ದ ಅನ್ನು.’ ‘ಆಆಆ.’ ‘ಈಗ ಈ.’ ‘ಈಈಈ.’ ಅಷ್ಟರಲ್ಲಿ ಮಗ್ಗಲ ಮನೆಯವರು ಕಿಟಕಿಯಲ್ಲಿ ಹಣಿಕಿ ಹಾಕಿ ‘ಯಾಕ್ರಿ ವೈನಿ, ಹಲ್ಲ ನೋವೇನ್ರಿ?’ ಅಂದರು. ಕರೆಂಟು ಹೋಯಿತು. ಕರೆಂಟು ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಹೀಗೆ ನನ್ನ ಸಂಶೋಧನೆ ರೊಟ್ಟಿ, ಸಾರು, ಕರೆಂಟು, ನೆರೆಮನೆ ಇವುಗಳ ನಡುವೆ ನುಸುಳಿಕೊಂಡು ನಡೆಯಿತು. ಸ್ವರಗಳೆಲ್ಲ ಸಿಕ್ಕವು. ‘ಒಂದ ಸಲ ಹೆಸರೂ ಅಂದಬಿಡು, ಲೆಕ್ಕಕ್ಕ ಬೇಕಾಗೈತಿ’ ಅಂತ ವಿಜ್ಞಾನದ ಮುಖ ಹಾಕಿಕೊಂಡು ಕೇಳಿ ನೋಡಿದೆ. ‘ನಿಮ್ಮ ಗೈಡ್ ಸರ ಸ್ವರ ಅಷ್ಟ ಕೇಳ್ಯಾರಂತ ನೀವ ಹೇಳಿದ್ರಿ’ ಅಂದಳು.

ಗೈಡ್ ಸರ್ ನನ್ನ ಲೆಕ್ಕದ ಹಾಳೆಗಳನ್ನು ನೋಡಿ, ‘ಕಾಗದದ ಮ್ಯಾಲ ಎಲ್ಲಾ ಛಂದ ಕಾಣತೈತಿ ಬೈಲಹೊಂಗಲ, ನಿಜವಾದ ಪೈಪ್ ಜೋಡಿಸಿ ಊದಿ ನೋಡ್ರಿ, ಆ ಬರತೈತೋ ಇಲ್ಲೋ’ ಅಂದರು. ಹೀಗಾಗಿ ಪೇಟೆಯ ಮೌಲಾಸಾಬರ ಪೈಪಿನ ಅಂಗಡಿಗೆ ಹೋದೆ. ಬೋರಿನ ಪೈಪು, ಹೊಲಕ್ಕೆ ನೀರು ಹಾಯಿಸುವ ಪೈಪು ಮಾರುವ ದೊಡ್ಡ ಅಂಗಡಿ. ಬೇರೆ ಬೇರೆ ಅಳತೆಯ ಪೈಪುಗಳಲ್ಲಿ ಬೆರಳಗಲದ ತುಂಡುಗಳು ಬೇಕು ಅಂದೆ. ಮೌಲಾಸಾಬರು ಗಿರಾಕಿಯನ್ನು ನಿಂತೇ ವಿಚಾರಿಸುವವರಲ್ಲ. ಕುರ್ಚಿ ಹಾಕಿಸಿ ಚಹಾ ತರಿಸಿದರು.

‘ಎಷ್ಟ ಎಕರೆಕ್ಕ ಬೇಕಾಗೈತ್ರಿ ಸರ?’

‘ಹೊಲಕ್ಕಲ್ರಿ. ಗಂಟಲಕ್ಕ.’

ಅವರು ಚಹಾದ ಬಸಿ ಕೆಳಗಿಟ್ಟರು. ‘ಯಾರ ಗಂಟಲಕ್ರಿ?’

‘ನಮ್ಮ ಮನಿಯಾಕಿ ಗಂಟಲಕ್ಕ. ಅಳತಿ ಎಲ್ಲಾ ತಂದೇನಿ, ನೋಡ್ರಿ.’

ಅವರು ತಾವೇ ಗರಗಸ ಹಿಡಿದು, ಅಂಚನ್ನು ಉಸುಕು ಕಾಗದ ಹಚ್ಚಿ ನುಣ್ಣಗೆ ತಿಕ್ಕಿ, ತುಂಡುಗಳನ್ನು ಎರಡು ಸಲ ತೊಳೆದು ಕೊಟ್ಟರು. ಹೊರಡುವಾಗ ಕೈ ಹಿಡಿದು, ‘ಅಲ್ಲಾ ಆರಾಮ ಮಾಡತಾನ್ರಿ ಸರ, ಧೈರ್ಯಾ ಬಿಡಬ್ಯಾಡ್ರಿ’ ಅಂದರು. ಸಂಶೋಧನೆಯ ಕಷ್ಟ ಇವರಿಗಾದರೂ ತಿಳಿಯಿತಲ್ಲ ಅಂತ ನನಗೆ ಬಹಳ ಸಮಾಧಾನವಾಯಿತು.

ಎರಡು ದಿನದಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿತು: ಮ್ಯಾಥ್ಸ್ ಸರ ಹೆಂಡತಿಗೆ ಗಂಟಲ ಬ್ಯಾನಿ, ಪೈಪ್ ಹಾಕತಾರಂತ. ಸಂಗೊಳ್ಳಿಯಿಂದ ಬರುವ ಹಾಲಿನವನು ಹಾಲಿಗೆ ನೀರು ಹಾಕುವುದನ್ನು ಬಿಟ್ಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನಾನು ಕೇಳದೆಯೇ ರಜೆ ಕೊಡಲು ಬಂದರು. ರಾಮದುರ್ಗದಿಂದ ಗಿರಿಜಾಳ ಸೋದರಮಾವ ಜ್ಯೇಷ್ಠಮಧುವಿನ ಪೊಟ್ಟಣದ ಜೊತೆ ಬಂದಿಳಿದರು. ನಾನು ‘ಅಂಥಾದ್ದೇನೂ ಇಲ್ರಿ ಮಾಮಾ, ಅದು ಗಣಿತ’ ಅಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ಗಂಡಸರ ಹಿಂಗ, ದುಃಖ ಮುಚ್ಚಿ ಇಡತಾರ’ ಅಂತ ಬಳಗಕ್ಕೆ ವಿವರಿಸಿದರು. ಆಮೇಲೆ ಗಿರಿಜಾಳ ಕಡೆ ತಿರುಗಿ, ‘ತಂಗೀ, ಗಂಟಲಕ್ಕ ವಿಶ್ರಾಂತಿ ಬೇಕು, ಎಂಟ ದಿನ ಮಾತ ಬಂದ್’ ಅಂದರು. ತನಗೇನೂ ಆಗಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾವನ ಮಾತು ಮೀರಬಾರದು ಅನ್ನುವ ನೆವದಲ್ಲಿ ನನ್ನ ಮೈಕಿನಿಂದ ಎಂಟು ದಿನ ಬಿಡುಗಡೆ ಪಡೆದು, ಕೈಸನ್ನೆಯಲ್ಲೇ ಮನೆ ನಡೆಸಿದಳು. ಕೈಸನ್ನೆಯಲ್ಲಿ ನನ್ನನ್ನು ಕರೆಯುವುದು ಅವಳಿಗೆ ಇನ್ನೂ ಹಗುರವಾಗಿತ್ತು, ಹೆಸರಿನ ಪ್ರಶ್ನೆಯೇ ಇರಲಿಲ್ಲ.

ಕಿತ್ತೂರಿನ ಅತ್ತೆಯವರು ಮಾತ್ರ ಸುಮ್ಮನೆ ಕೂಡಲಿಲ್ಲ. ಸುದ್ದಿ ಮುಟ್ಟಿದ ಕೂಡಲೆ ಸವದತ್ತಿ ಎಲ್ಲಮ್ಮಗೆ ಹರಕೆ ಹೊತ್ತುಬಿಟ್ಟಿದ್ದರು: ಮಗಳ ಗಂಟಲು ಆರಾಮಾದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಗುಡ್ಡಕ್ಕೆ ಬಂದು ಹೋಳಿಗೆ ಎಡೆ ಹಿಡಿಸುತ್ತೇನೆ ಎಂದು. ನಾನು ಗಂಟೆಗಟ್ಟಲೆ ಕೊಳವೆ, ಅಲೆ, ಕಂಪನ ಎಲ್ಲ ವಿವರಿಸಿ, ಗಿರಿಜಾಳಿಗೆ ಯಾವ ರೋಗವೂ ಇಲ್ಲ ಅಂತ ಕೊನೆಗೂ ಮನದಟ್ಟು ಮಾಡಿದೆ. ಅತ್ತೆಯವರ ಕಣ್ಣಲ್ಲಿ ನೀರು ಬಂತು. ‘ನೋಡ್ರಿ ಅಳಿಯಂದ್ರ, ಹರಕಿ ಹೊತ್ತ ಮೂರ ದಿನಕ್ಕ ಆರಾಮ ಆತು’ ಅಂದರು. ಬಾಡಿಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಗುಡ್ಡಕ್ಕೆ ಹೋದೆವು.

ಹುಣ್ಣಿವೆಯ ದಿನ, ಗುಡ್ಡದ ತುಂಬ ಮಂದಿ. ಅತ್ತೆಯವರು ಸುಮಾಳನ್ನು ಕರೆದುಕೊಂಡು ಪಾಳಿಯಲ್ಲಿ ನಿಂತರು, ಗಿರಿಜಾ ಹೋಳಿಗೆಯ ಬುಟ್ಟಿ ಕಾಯುತ್ತ ಕಟ್ಟೆಯ ಮೇಲೆ ಕೂತಳು. ನಾನು ಅಲ್ಲೇ ಇರಬೇಕಿತ್ತು. ಆದರೆ ಸ್ವಲ್ಪ ದೂರದಲ್ಲಿ ಒಬ್ಬ ಪೀಪಿ ಮಾರುತ್ತಿದ್ದ. ನನ್ನ ಪೈಪುಗಳಿಗೆ ಧ್ವನಿತಂತುವಿನ ಬದಲು ಒಂದು ಒಳ್ಳೇ ಪೀಪಿ ಬೇಕಾಗಿತ್ತು. ಒಂದೊಂದನ್ನೇ ಊದಿ, ಕಿವಿ ಕೊಟ್ಟು, ಪರೀಕ್ಷೆ ಮಾಡುತ್ತ ನಿಂತುಬಿಟ್ಟೆ. ಊದಿದ್ದನ್ನೆಲ್ಲ ಖರೀದಿಸಬೇಕು ಅಂತ ಅವನು ಜಗಳ ತೆಗೆದ. ಈ ಗದ್ದಲದಲ್ಲಿ ಎಷ್ಟು ಹೊತ್ತು ಹೋಯಿತೋ, ನೆತ್ತಿಯ ಮೇಲಿನ ಲೌಡ್‌ಸ್ಪೀಕರು ಕರ್ ಅಂದಿತು. ಕಳೆದವರನ್ನು ಕೂಗಿ ಕರೆಯುವ ಮೈಕು ಅದು. ಕರೆಯುವವನ ದನಿ ಕೇಳಿತು: ‘ಅಕ್ಕಾರ, ನಿಮ್ಮ ಯಜಮಾನರ ಹೆಸರ ಹೇಳ್ರಿ.’ ಆಮೇಲೆ ಒಂದು ಉಸಿರು ಕೇಳಿತು. ನಾನು ತಿಂಗಳುಗಟ್ಟಲೆ ಮುದ್ರಿಸಿ, ತುಂಡು ಮಾಡಿ, ಅಳೆದು ತೂಗಿದ ಉಸಿರು. ಗಿರಿಜಾಳದು ಅಂತ ಗುರುತು ಸಿಗದೆ ಇರಲು ಸಾಧ್ಯವೇ ಇಲ್ಲ. ಪೀಪಿ ಕೈಯಲ್ಲೇ ನಿಂತಿತು. ಈಗ ಬರುತ್ತದೆ ಅಂದುಕೊಂಡೆ, ಅದೂ ಇಡೀ ಗುಡ್ಡಕ್ಕೆ ಕೇಳುವ ಹಾಗೆ.

‘ಹೆಸರ ಬ್ಯಾಡ್ರಿ ಅಣ್ಣಾರ, ಬೈಲಹೊಂಗಲದಾಗ ಗಣಿತ ಹೇಳತಾರ, ಹಂಗ ಕರೀರಿ’ ಅಂದಳು ಗಿರಿಜಾ.

‘ಬೈಲಹೊಂಗಲದ ಗಣಿತದ ಸರ, ಎಲ್ಲಿದ್ರೂ ಲಗೂನ ಬರ್ರಿ, ನಿಮ್ಮ ಮನಿಯವರು ಕಾಯಾಕತ್ತಾರ’ ಅಂತ ಅವನು ಕೂಗಿದ. ನಾನು ಹೋಗುವಷ್ಟರಲ್ಲಿ ಅಲ್ಲಿ ಆಗಲೇ ಇಬ್ಬರು ಗಣಿತದ ಸರ ಬಂದು ನಿಂತಿದ್ದರು. ಒಬ್ಬರು ಹೈಸ್ಕೂಲಿನವರು, ಅವರ ಹೆಂಡತಿ ಅವರ ಪಕ್ಕದಲ್ಲೇ ಇದ್ದರು. ಆದರೂ ಕರೆದರಲ್ಲ ಅಂತ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಇನ್ನೊಬ್ಬರಿಗೆ ಮದುವೆಯೇ ಆಗಿರಲಿಲ್ಲ. ಗಿರಿಜಾ ನನ್ನನ್ನು ನೋಡಿ, ‘ಎಲ್ಲಿ ಹೋಗಿದ್ರಿ, ಜೀವಾ ಹಾರಿ ಹೋಗಿತ್ತು’ ಅಂದಳು. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅಷ್ಟು ಹೆದರಿದರೂ ಹೆಸರು ಹೇಳಲಿಲ್ಲವಲ್ಲ ಅಂತ ನನಗೆ ಸಿಟ್ಟೂ ಬಂತು, ಅಷ್ಟು ಹೆದರಿದಳಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು. ಕೊಂಡ ಪೀಪಿಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನೆಲ್ಲ ಸುಮಾಳಿಗೆ ಕೊಟ್ಟೆ. ಊರು ಮುಟ್ಟುವವರೆಗೆ ಟ್ರ್ಯಾಕ್ಸಿನಲ್ಲಿ ಯಾರಿಗೂ ಮಾತಾಡಲು ಆಗಲಿಲ್ಲ.

ಅವತ್ತಿನಿಂದ ನನ್ನ ಹಟ ಇನ್ನೂ ಗಟ್ಟಿಯಾಯಿತು. ಪೈಪು ಊದಿದರೆ ‘ಆ’ ಬಂತು, ಎಳೆಗರು ಕೂಗಿದ ಹಾಗೆ ಬಂದರೂ ‘ಆ’ ಅಂತ ಒಪ್ಪಿಕೊಳ್ಳಬಹುದಾಗಿತ್ತು. ಕಂಪ್ಯೂಟರಿನಲ್ಲಿ ಒಂದೊಂದೇ ಸ್ವರ ತಿದ್ದುತ್ತ ಹೋದೆ. ಎಲ್ಲಕ್ಕಿಂತ ಚೊಕ್ಕಾಗಿ ಬಂದದ್ದು ‘ಓ’. ಸ್ಪೀಕರಿನಿಂದ ಗಿರಿಜಾಳೇ ‘ಓ’ ಅಂದ ಹಾಗೆ ಬರುತ್ತಿತ್ತು. ಒಂದು ಸಲ ಸುಮಾ ಮೋಸ ಹೋಗಿ ‘ಅವ್ವಾ, ಎಲ್ಲಿದ್ದೀ’ ಅಂತ ಹುಡುಕಿದಳು. ಆಗ ಧೈರ್ಯ ಮಾಡಿ ಹೆಸರಿಗೆ ಕೈ ಹಾಕಿದೆ. ಹಾಕಿದ ಮೇಲೆ ತಿಳಿಯಿತು, ಹೆಸರಿಡುವಾಗ ನಮ್ಮ ಹಿರಿಯರು ಗಣಿತದ ವಿಚಾರ ಏನೂ ಮಾಡಿಲ್ಲ ಅಂತ. ‘ಈ’ಗೆ ತೊಂದರೆ ಇಲ್ಲ. ‘ರ’ ಅನ್ನುವಾಗ ನಾಲಿಗೆಯ ತುದಿ ಪಟಪಟ ಬಡಿಯುತ್ತದೆ, ನನ್ನ ಕೊಳವೆಗೆ ನಾಲಿಗೆಯೇ ಇಲ್ಲ. ‘ಣ್ಣ’ ಬಂದರಂತೂ ಮುಗಿಯಿತು. ಸಪ್ಪಳ ಬಾಯಿ ಬಿಟ್ಟು ಮೂಗಿನ ದಾರಿ ಹಿಡಿಯುತ್ತದೆ. ಮೂಗು ಅಂದರೆ ನಡುದಾರಿಯಲ್ಲಿ ಒಡೆದ ಇನ್ನೊಂದು ಕೊಳವೆ, ನನ್ನ ಸಮೀಕರಣದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ‘ಮೂಗಿನ ತಂಟೆಕ್ಕ ಹೋಗಬ್ಯಾಡ್ರಿ ಬೈಲಹೊಂಗಲ, ಪಿಎಚ್‌ಡಿಗೆ ಸ್ವರ ಸಾಕು’ ಅಂದರು ಗೈಡ್ ಸರ್. ಪಿಎಚ್‌ಡಿಗೆ ಸಾಕು, ನನಗೆ ಸಾಲದು. ಅವರಿಗೆ ತಿಳಿಸದೆ ಮೂಗು ಕಟ್ಟಲು ಕೂತೆ.

ಒಂದು ಆದಿತ್ಯವಾರ ಮಧ್ಯಾಹ್ನ. ಸುಮಾ ಗೆಳತಿಯ ಮನೆಗೆ ಹೋಗಿದ್ದಳು. 
ಗಿರಿಜಾ ಪಡಸಾಲೆಯಲ್ಲಿ ನನ್ನ ಬೆನ್ನ ಹಿಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪುಣ್ಯಕ್ಕೆ ಕರೆಂಟು ಇತ್ತು. ಗುಂಡಿ ಒತ್ತಿದೆ. ಯಂತ್ರ ‘ಈಲಡ್ಡ’ ಅಂದಿತು. ಮೂಗಿನ ಅಳತೆ ಬದಲಿಸಿ ಮತ್ತೆ ಒತ್ತಿದೆ. ‘ಈಲಡ್ಡ.’ ಇನ್ನೊಮ್ಮೆ. ‘ಈಲಡ್ಡ.’ ನೆಗಡಿಯಾದ ಗಿರಿಜಾ ಕಂಬಳಿಯೊಳಗಿಂದ ಮಾತಾಡಿದ ಹಾಗಿತ್ತು.

ಮೊರದ ಸಪ್ಪಳ ನಿಂತಿತು. ‘ಆಗಿಂದ ಅದು ಏನ ಅನ್ನಾಕತೈತ್ರಿ?’

‘ನನ್ನ ಹೆಸರ.’

‘ಯಾರ ಧ್ವನೀಲೆ?’

‘ನಿನ್ನ ಧ್ವನೀಲೆ.’

‘ನಾ ಹಂಗ ಅಂತೇನೇನ್ರಿ?’ ಅಂದಳು.

‘ನೀ ಹೆಂಗ ಅಂತೀ ಅನ್ನೂದ ನಾ ಯಾವಾಗ ಕೇಳೇನಿ?’ ಅಂದೆ. ತಮಾಷೆಗೆ ಸುರು ಮಾಡಿದ ಮಾತು, ಬಾಯಿಂದ ಬರುವಾಗ ತಮಾಷೆಯಾಗಿ ಉಳಿಯಲಿಲ್ಲ. ತಿರುಗಿ ಅವಳ ಮುಖ ನೋಡುವ ಧೈರ್ಯವಾಗದೆ ಪರದೆಯನ್ನೇ ನೋಡುತ್ತ ಹೇಳಿದೆ: ‘ಅವ್ವ ಹೋದ ಮ್ಯಾಲ ನನಗ ಯಾರೂ ಹೆಸರ ಹಿಡದ ಕರದಿಲ್ಲ, ಗಿರಿಜಾ. ಮಂದಿಗೆಲ್ಲಾ ನಾ ಸರ ಆಗೇನಿ, ಮಾಸ್ತರ ಆಗೇನಿ. ಈರಣ್ಣ ಅನ್ನಾವ ಇದ್ದಾನೋ ಇಲ್ಲೋ ನನಗ ತಿಳೀದಂಗ ಆಗೈತಿ. ಅದಕ್ಕ ಈ ಯಂತ್ರಕ್ಕ ಗಂಟ ಬಿದ್ದೇನಿ.’

ಮೊರದ ಸಪ್ಪಳ ಮತ್ತೆ ಸುರುವಾಯಿತು. ಹೇಳಿದ್ದೇ ತಪ್ಪಾಯಿತೇನೋ ಅಂತ ನಾನೂ ಕೆಲಸಕ್ಕೆ ಬಿದ್ದೆ. ಮೂಗಿನ ಕೊಳವೆಯನ್ನು ಇನ್ನಷ್ಟು ಹಿಗ್ಗಿಸಿ, ಒಡೆಯುವ ಜಾಗ ತುಸು ಹಿಂದಕ್ಕೆ ತಂದು, ಗುಂಡಿ ಒತ್ತಿದೆ. ಯಂತ್ರ ಯೋಚನೆ ಮಾಡಲು ಹತ್ತಿತು. ಆ ಕಾಲದ ಕಂಪ್ಯೂಟರುಗಳು ಹಾಗೆಯೇ, ಒತ್ತಿದ ಮೇಲೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ಮಾತಾಡುತ್ತಿದ್ದವು. ಆಗ ಕೇಳಿತು.

‘ಈರಣ್ಣಾ.’

ಅಚ್ಚುಕಟ್ಟಾದ ‘ರ’. ತುಂಬಿದ ‘ಣ್ಣ’. ಕೊನೆಯಲ್ಲಿ ಹಿತ್ತಲಿನಿಂದ ಓಣಿಯವರೆಗೆ ಎಳೆಯುವ, ಥೇಟ್ ನಮ್ಮವ್ವನ ಎಳೆತ. ನಾನು ಕುರ್ಚಿಯಿಂದ ಜಿಗಿದು, ‘ಬಂತು, ಮೂಗ ಬಂತು’ ಅಂತ ಕೂಗಿ, ಆ ಅಳತೆಗಳು ಕೈತಪ್ಪಿ ಹೋಗಬಾರದು ಅಂತ ಗಡಬಡಿಸಿ ಅವನ್ನು ಫ್ಲಾಪಿಗೆ ಹಾಕಲು ಹತ್ತಿದೆ. ಆಗ ಸ್ಪೀಕರು ತನ್ನ ಯೋಚನೆ ಮುಗಿಸಿ, ಸಾವಕಾಶವಾಗಿ ‘ಈಲಡ್ಡ’ ಅಂದಿತು.

ನಾನು ತಿರುಗಿದೆ. ಗಿರಿಜಾ ಮೊರ ಎದೆಗೆ ಅವಚಿಕೊಂಡು ನಿಂತಿದ್ದಳು. ಮುಖ ಕೆಂಪಾಗಿತ್ತು. ನಮ್ಮವ್ವನ ಆ ಎಳೆತವನ್ನು ವರ್ಷಗಟ್ಟಲೆ ಅಡುಗೆಮನೆಯಲ್ಲಿ ನಿಂತು ಕೇಳಿ, ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಆಯುಷ್ಯ, ಕುಂಕುಮ ಎಲ್ಲವನ್ನೂ ಒಂದು ಗಳಿಗೆ ಬದಿಗಿಟ್ಟು ಅದನ್ನು ನನಗೆ ಕೊಟ್ಟಿದ್ದಳು. ಈಗ ಹೇಳಿ, ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ಏನು ಬೇಕಾದರೂ ಮಾಡಬಹುದಿತ್ತು. ಸುಮ್ಮನೆ ಅವಳ ಮುಖ ನೋಡುತ್ತ ನಿಂತಿದ್ದರೂ ನಡೆಯುತ್ತಿತ್ತು. ನಾನು, ‘ಒಂದ ನಿಮಿಷ ನಿಂದ್ರು, ಮೈಕ್ ಹಚ್ಚತೇನಿ, ಇನ್ನೊಂದ ಸಲ ಅನ್ನು’ ಅಂದೆ.

ಗಿರಿಜಾ ನನ್ನನ್ನೊಮ್ಮೆ ನೋಡಿದಳು, ಮೈಕನ್ನೊಮ್ಮೆ ನೋಡಿದಳು. ‘ಕರದ್ರ ಓ ಅನಬೇಕ್ರಿ’ ಅಂದಳು, ‘ಅಷ್ಟೂ ತಿಳೀದಿಲ್ಲೇನು?’ ಮೊರ ಎತ್ತಿಕೊಂಡು ಒಳಗೆ ಹೋದಳು. ಹಿಂದೆಯೇ ಕರೆಂಟೂ ಹೋಯಿತು.

ನನ್ನ ಪಿಎಚ್‌ಡಿ ಪ್ರಬಂಧ ಸ್ವರಗಳ ಮಟ್ಟಿಗೇ ಮುಗಿಯಿತು, ಡಾಕ್ಟರೇಟೂ ಬಂತು. ‘ಓ’ ಸ್ವರವನ್ನು ಇಷ್ಟು ಸಹಜವಾಗಿ ಅನ್ನಿಸಿದ್ದು ವಿಶೇಷ ಅಂತ ಪರೀಕ್ಷಕರು ಮೆಚ್ಚಿಕೊಂಡರು. ಗೈಡ್ ಸರ್ ಪೇಢೆ ತಿನ್ನಿಸಿ ‘ಅಭಿನಂದನೆಗಳು, ಡಾಕ್ಟರ್ ಬೈಲಹೊಂಗಲ’ ಅಂದರು. ಬಸ್ಸಿನಲ್ಲಿ ಯಾರೋ ತನ್ನ ಮಗನನ್ನು ಕರೆದದ್ದಕ್ಕೆ ಗಟ್ಟಿಯಾಗಿ ಓಗೊಟ್ಟ ನಾನು, ಮನೆಯಲ್ಲಿ ನನ್ನನ್ನೇ ಕರೆದಾಗ ‘ಓ’ ಅನ್ನದೆ ಮೈಕಿಗೆ ಕೈ ಹಾಕಿದ್ದನ್ನು ಯಾವ ಪರೀಕ್ಷಕರಿಗೂ ಹೇಳಲಿಲ್ಲ. ಯಂತ್ರ ಇಳಕಲ್ ಸೀರೆಯ ಮುಚ್ಚಿಗೆಯೊಳಗೆ ಹೋಯಿತು. ಹೆಸರು ಇನ್ನೊಮ್ಮೆ ಬರಲಿಲ್ಲ. ಬಂದರೆ ತಪ್ಪಿಸಿಕೊಳ್ಳಬಾರದು ಅಂತ ನಾನು ಪಡಸಾಲೆಯಲ್ಲಿ, ಅವತ್ತಿನ ಹಾಗೆ, ಅಡುಗೆಮನೆಗೆ ಬೆನ್ನು ಮಾಡಿಯೇ ಕೂಡುತ್ತೇನೆ, ಬಾಯಲ್ಲಿ ‘ಓ’ ತಯಾರು ಇಟ್ಟುಕೊಂಡು. ಒಳಗಿನಿಂದ ‘ಏನ್ರಿ’ ಅಂದರೂ ಸಾಕು, ಓಣಿಯ ತುದಿಗೆ ಮುಟ್ಟುವ ಹಾಗೆ ‘ಓ’ ಅನ್ನುತ್ತೇನೆ.

‘ಇಷ್ಟ ದೊಡ್ಡ ಧ್ವನೀಲೆ ಯಾಕ ಅಂತೀರಿ?’ ಅನ್ನುತ್ತಾಳೆ ಗಿರಿಜಾ. ‘ನಾ ಏನ ನಿಮ್ಮ ಹೆಸರ ಹಿಡದ ಕರದೇನೇನು?’